ಯಾರೂ ನೋಡದ ರೇಸಿನ ಚರಿತ್ರೆ

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಮನೆ ಬಾಗಿಲಿಗೆ ಬಂದು ನನ್ನ ಮಾನ ಕಳೆಯದೆ ಬಿಡುವುದಿಲ್ಲ. ಈ ಸಲ ಕುದುರೆ ಏರಿ ಬಂತು. ಬಸವನಗುಡಿಯಲ್ಲಿ ಚರಿತ್ರೆ ಮೇಷ್ಟ್ರಾಗಿ ರಿಟೈರ್ ಆದವನು ಬೆಳಗ್ಗೆ ವಾಕಿಂಗ್ ಮಾಡಿ, ಸಂಜೆ ಕಡಲೇಪುರಿ ತಿಂದುಕೊಂಡು ತೆಪ್ಪಗಿರಬೇಕು. ಅಷ್ಟು ವಿವೇಕ ನನಗೆಲ್ಲಿಂದ ಬರಬೇಕು!

ಕುದುರೆ ಒಂದು ಉಳಿದಿತ್ತು

ಅವೆನ್ಯೂ ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬ ಪ್ರಕಾಶಕರಿದ್ದಾರೆ. ಒಂದು ದಿನ ಕಾಫಿ ತರಿಸಿದರು. ಆ ಮನುಷ್ಯ ಕಾಫಿ ತರಿಸಿದಾಗಲೇ ನಾನು ಎದ್ದು ಬರಬೇಕಿತ್ತು.

"ಸಾರ್, ಬೆಂಗಳೂರಿನ ಮೇಲೆ ಎಲ್ಲಾ ಬರೆದು ಮುಗಿಸ್ಬಿಟ್ಟಿದಾರೆ. ಕೆರೆ ಆಯ್ತು, ಪೇಟೆ ಆಯ್ತು, ದೋಸೆ ಅಂತೂ ಎಷ್ಟು ಸಲ ಆಯ್ತೋ. ಕುದುರೆ ಒಂದು ಉಳ್ಕೊಂಡಿದೆ. ನೀವು ಬರ್ದುಬಿಡಿ."

ಅವರು ಹೇಳಿದ್ದು ಉದ್ದದ ರೇಸಿನ ಚರಿತ್ರೆ. ದೊಡ್ಡ ರೇಸುಗಳಲ್ಲೆಲ್ಲ ಅತಿ ದೂರದ್ದು, ಅತಿ ಮರ್ಯಾದೆಯದ್ದು. ಒಂದೂಮುಕ್ಕಾಲು ಮೈಲಿ. ಶುರುವಿನಲ್ಲಿ ಹಾರಾಡುವ ಕುದುರೆಗಳೆಲ್ಲ ಅರ್ಧಕ್ಕೇ ಉಸ್ಸಪ್ಪಾ ಅನ್ನುತ್ತವೆ. ದಮ್ಮು ಇದ್ದದ್ದು ಗೆಲ್ಲುತ್ತದೆ. ಇಂಗ್ಲಿಷ್ ದೊರೆಗಳು ತಮ್ಮೂರಲ್ಲಿ ಶುರು ಮಾಡಿ, ಇಲ್ಲಿಗೂ ಹೊತ್ತು ತಂದು, ಹೋಗುವಾಗ ಬಿಟ್ಟುಹೋದ ಸಾಮಾನುಗಳಲ್ಲಿ ಇದೂ ಒಂದು.

"ನಾನು ಜನ್ಮದಲ್ಲಿ ರೇಸ್‌ಕೋರ್ಸ್ ಒಳಗೆ ಕಾಲಿಟ್ಟಿಲ್ವಲ್ರೀ" ಅಂದೆ.

"ಪಾಣಿಪತ್ ಯುದ್ಧಕ್ಕೆ ಹೋಗಿದ್ರಾ ಸಾರ್? ಸರ್ವಿಸ್ ಪೂರ್ತಿ ಪಾಠ ಮಾಡ್ಲಿಲ್ವಾ?"

ಕಾಫಿ ಕುಡಿದು ಒಪ್ಪಿಕೊಂಡೆ.

ದೇವರು ಒಬ್ಬ, ಕುದುರೆ ಏಳು

ಮನೆಗೆ ಬಂದು ಹೇಳಿದೆ ನೋಡಿ, ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. ಅವಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಜೊತೆಗೆ ಕೆಲಸ ಮಾಡುವ ಮಲ್ಲೇಶ್ವರದ ಹುಡುಗನನ್ನು ಒಪ್ಪಿಕೊಂಡಿದ್ದಾಳೆ. ಹುಡುಗ ಚಿನ್ನದಂಥವನು. ತಕರಾರೆಲ್ಲ ಅವನ ಅಪ್ಪನದು. ರಿಟೈರ್ಡ್ ಸರ್ಕಾರಿ ಅಧಿಕಾರಿ, ಮಹಾ ಶಿಸ್ತು. ಇಸ್ಪೀಟು, ಕುಡಿತ, ರೇಸು, ಈ ಮೂರರಲ್ಲಿ ಒಂದರ ಗಾಳಿ ಬೀಸಿದ ಮನೆಯಿಂದಲೂ ಹೆಣ್ಣು ತರುವುದಿಲ್ಲವಂತೆ. ದೊಡ್ಡ ಮಗನಿಗೆ ಬಂದ ಒಳ್ಳೇ ಸಂಬಂಧವನ್ನು, ಹುಡುಗಿಯ ಸೋದರಮಾವ ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಾನೆ ಅಂತ ವಾಪಸ್ ಕಳಿಸಿದ ಮಹಾನುಭಾವರು.

"ಅಪ್ಪಾ, ನಾನು ಮದುವೆ ಅಂತ ಆದ್ರೆ ಅವನನ್ನೇ. ಅವರಪ್ಪ ಹೂಂ ಅನ್ನೋವರೆಗೂ ಈ ಮನೇಲಿ ಕುದುರೆ ಅನ್ನೋ ಮಾತೇ ಕೇಳಿಸಕೂಡ್ದು" ಅಂದಳು. ಕಣ್ಣಲ್ಲಿ ನೀರಿತ್ತು. ನನಗೂ ಕರುಳು ಚುರುಕ್ ಅಂತು. ಆಗಲಮ್ಮಾ ಅಂದೆ.

ನನ್ನ ಹೆಂಡತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಲ್‌ನ ಗೋಡೆಯಲ್ಲಿದ್ದ ಸೂರ್ಯನಾರಾಯಣನ ಪಟ ಇಳಿಸಿ ಒಳಗಿಟ್ಟಳು.

"ಅದು ದೇವರು ಕಣೇ!"

"ದೇವರು ಒಬ್ಬ, ಕುದುರೆ ಏಳು" ಅಂದಳು.

ಹೀಗೇ ಹೋಗ್ತಾ ಇದ್ದೆ

ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಸಾಕ್ಷಿ ಹುಡುಕಲು ಹೊರಟೆ. ಬಹಳ ವರ್ಷದ ಹಿಂದೆ ಯಾರೂ ಲೆಕ್ಕಕ್ಕೇ ಇಡದ ಒಂದು ಕುದುರೆ ಕಟ್ಟಕಡೆಯಿಂದ ಬಂದು ಈ ಉದ್ದದ ರೇಸು ಗೆದ್ದಿತ್ತು. ಅದನ್ನು ಕಣ್ಣಾರೆ ಕಂಡವರು ಬೇಕಿತ್ತು. ಹಳೇ ಬಡಾವಣೆಗಳಲ್ಲಿ ವಯಸ್ಸಾದವರಿಗೇನು ಬರವೇ?

ಚಾಮರಾಜಪೇಟೆಯ ಒಬ್ಬ ಹಿರಿಯರನ್ನು ಕೇಳಿದೆ. "ನಾನಾ? ರೇಸಾ? ರಾಮ ರಾಮ! ಗಾಂಧಿನಗರಕ್ಕೆ ಸಿನಿಮಾಗೆ ಹೋಗ್ತಾ ಇದ್ದೆ. ಗೋಡೆ ಆಚೆ ಗಲಾಟೆ ಕೇಳಿಸ್ತು. ಹೀಗೇ ಬಗ್ಗಿ ನೋಡ್ದೆ, ಅಷ್ಟೆ" ಅಂದರು. ಆಮೇಲೆ ಆ ಕುದುರೆ ತಿರುವಿನಲ್ಲಿ ಹೇಗೆ ನುಗ್ಗಿತು, ಎರಡನೆಯದು ಹೇಗೆ ಒಂದು ಮೂಗಿನಷ್ಟು ಅಂತರದಲ್ಲಿ ಸೋತಿತು, ಮುಂದಿನ ಸಾಲಿನಲ್ಲಿ ಯಾರ ಪೇಟ ಬಿತ್ತು, ಎಲ್ಲ ಹೇಳಿದರು. ಗೋಡೆಯಿಂದ ಅಷ್ಟೆಲ್ಲ ಕಾಣಿಸ್ತಾ ಅಂದರೆ, "ಆಗ ನನ್ನ ಕಣ್ಣು ಚೆನ್ನಾಗಿತ್ತು" ಅಂದರು.

ಅದೇ ಬೀದಿಯ ಇನ್ನೊಬ್ಬರು ಕೃಷ್ಣರಾಜ ಮಾರುಕಟ್ಟೆಯಿಂದ ಪೂಜೆಗೆ ಹೂವು ತರುವಾಗ ನೋಡಿದರಂತೆ. ಮಾರುಕಟ್ಟೆ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ರೇಸ್‌ಕೋರ್ಸ್ ಬೇರೆ ದಿಕ್ಕು.

"ಅವತ್ತು ಸ್ವಲ್ಪ ಸುತ್ತಿ ಬಂದೆ" ಅಂದರು.

ಕೇಳಿದವರೆಲ್ಲ ಹೀಗೇ. ಒಬ್ಬರಾದರೂ ಒಳಗೆ ಹೋದವರಿಲ್ಲ. ಪಾಪ, ಆ ಕುದುರೆಗಳು ಖಾಲಿ ಗ್ಯಾಲರಿ ಮುಂದೆ ಓಡಿರಬೇಕು. ಊರೆಲ್ಲ ರಸ್ತೆಯಲ್ಲಿ ನಿಂತಿತ್ತಲ್ಲ.

ಟೋಪಿಯ ಬಣ್ಣ

ಪ್ರಕಾಶಕರಿಗೆ ಮುಖಪುಟದ ಮೇಲೆ ಆ ಕುದುರೆಯ ಬಣ್ಣದ ಚಿತ್ರ ಬೇಕಂತೆ. ಸಿಕ್ಕಿದ್ದು ಒಂದು ಮಾಸಿದ ಕಪ್ಪುಬಿಳುಪು ಫೋಟೋ. ಕುದುರೆ ಏರಿದ ಜಾಕಿ ಹಾಕಿದ್ದ ಟೋಪಿ ಯಾವ ಬಣ್ಣದ್ದು ಅಂತ ಅದರಲ್ಲಿ ದೇವರಿಗೂ ತಿಳಿಯದು.

ನಮ್ಮ ಬೀದಿಯಲ್ಲೇ ಎಂಬತ್ತು ದಾಟಿದ ಒಬ್ಬ ಹೆಡ್‌ಮಾಸ್ಟರಿದ್ದಾರೆ. ಅವರೂ ಅವತ್ತು ಗೋಡೆ ಪಕ್ಕ ಹೋಗುತ್ತಿದ್ದವರೇ. ಅವರ ಮನೆಗೇ ಹೋಗಿ ಕೇಳಿದೆ.

"ಬಣ್ಣ ತಲೇಲಿದೆ ಕಣಯ್ಯಾ, ಬಾಯಿಗೆ ಬರ್ತಿಲ್ಲ. ಜ್ಞಾಪಕ ಬಂದ ತಕ್ಷಣ ಬಂದು ಹೇಳ್ತೀನಿ."

"ನೀವ್ಯಾಕೆ ಬರ್ತೀರಿ ಸಾರ್, ಒಂದು ಫೋನ್ ಮಾಡಿ" ಅಂದೆ. ನನಗೆ ನನ್ನ ಮನೆಯ ಚಿಂತೆ.

ಅವರು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಇಂಥದ್ದೆಲ್ಲ ಫೋನಲ್ಲಿ ಮಾತಾಡಿದ್ರೆ ನಮ್ಮನೇಲಿ ಕೇಳಿಸ್ಕೋತಾರೆ. ನಿನ್ನ ಮನೆ ಆದ್ರೆ ಯೋಚನೆ ಇಲ್ಲ."

ಮಲ್ಲೇಶ್ವರದವರು ಬಂದರು

ಭಾನುವಾರ ಹುಡುಗನ ಕಡೆಯವರು ಬಂದರು. ಹುಡುಗ, ಅವನ ಅಪ್ಪ, ಅಮ್ಮ, ಜೊತೆಗೆ ಎಂಬತ್ತೈದರ ಅಜ್ಜಿ. ಅಜ್ಜಿ ಬಂದವರೇ ಸೋಫಾ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಕೇಸರಿಬಾತು ಆಯಿತು, ಕಾಫಿ ಆಯಿತು. ಹುಡುಗನ ಅಪ್ಪ ಗೋಡೆ ನೋಡಿದರು. ಪಟ ತೆಗೆದ ಜಾಗ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು.

"ಇಲ್ಲೇನಿತ್ತು?"

"ದೇವರ ಪಟ."

"ದೇವರನ್ನ ಯಾಕೆ ಇಳಿಸಿದ್ರಿ?"

ಹೆಂಡತಿ, "ಒರೆಸೋಕೆ" ಅಂದಳು. ಅವರು ನಂಬಲಿಲ್ಲ. ಮಗಳ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಗೇಟಿನ ಹತ್ತಿರದಿಂದ ಹೆಡ್‌ಮಾಸ್ಟರ ದನಿ. ಕ್ಲಾಸಿನ ಕೊನೇ ಬೆಂಚಿಗೆ ಕೇಳಿಸಿ ಅಭ್ಯಾಸವಾದ ದನಿ ಅದು.

"ಜ್ಞಾಪಕ ಬಂತು ಕಣಯ್ಯಾ! ಹಳದಿ! ರೇಸು ಗೆದ್ದ ಆ ಜಾಕಿ ಟೋಪಿ ಹಳದಿ!"

ಹುಡುಗನ ಅಪ್ಪ ಲೋಟ ಕೆಳಗಿಟ್ಟರು. "ರೇಸು ಅಂದ್ರಾ?" ಅಂತ ಎದ್ದು ನಿಂತರು. ಅಯ್ಯೋ, ಮುಗೀತು ಅಂದುಕೊಂಡೆ.

ಮೂಲೆಯಿಂದ ಅಜ್ಜಿ ಕಣ್ಣು ತೆರೆಯದೆಯೇ ಹೇಳಿದರು: "ಹಳದಿ ಅಲ್ಲ. ಬಿಳಿ."

ಎಲ್ಲರೂ ಅತ್ತ ತಿರುಗಿದೆವು.

"ಉದ್ದದ ರೇಸು ತಾನೆ? ಕಡೇಲಿದ್ದ ಕುದುರೆ ಬಂದು ಗೆದ್ದಿದ್ದು? ಬಿಳಿ ಟೋಪಿ. ನನ್ನ ಮಗನಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ, ಎದುರುಮನೆ ಡಾಕ್ಟ್ರ ಹೆಂಡ್ತಿ ಕರ್ಕೊಂಡ್ಹೋಗಿದ್ಲು. ನಾನು ಮನೇಲಿ ಪ್ರವಚನಕ್ಕೆ ಹೋಗ್ತೀನಿ ಅಂದಿದ್ದೆ. ನಮ್ಮನೆಯವರೂ ಪ್ರವಚನಕ್ಕೇ ಅಂತ ಹೊರಟಿದ್ರು, ಬೇರೆ ಕಡೆ. ಅಲ್ಲಿ ಹೋಗಿ ನೋಡಿದ್ರೆ, ಎದುರು ಸಾಲಲ್ಲಿ ಕೂತಿದಾರೆ ನಮ್ಮ ಯಜಮಾನ್ರು! ನಾನು ಅವರನ್ನ ನೋಡ್ದೆ, ಅವರು ನನ್ನ ನೋಡಿದ್ರು."

"ಆಮೇಲೆ?" ಅಂದದ್ದು ನನ್ನ ಹೆಂಡತಿ.

"ಆಮೇಲೇನು, ರಾತ್ರಿ ಊಟಕ್ಕೆ ಕೂತಾಗ ಕೇಳಿದ್ರು, ಪ್ರವಚನ ಹೇಗಿತ್ತು ಅಂತ. ಚೆನ್ನಾಗಿತ್ತು, ಕೊನೇಲಿ ಬಿಳಿ ಟೋಪಿ ಗೆಲ್ತು ಅಂದೆ. ಹೌದು, ನಮ್ಮ ಕಡೇನೂ ಅದೇ ಗೆಲ್ತು ಅಂದ್ರು. ಇನ್ನೊಂದು ಸೌಟು ಹುಳಿ ಹಾಕಿಸ್ಕೊಂಡು ಊಟ ಮುಗಿಸಿದ್ರು."

ಹುಡುಗನ ಅಪ್ಪನ ಮುಖ ನೋಡಬೇಕಿತ್ತು. "ಅಮ್ಮಾ! ಚಿಕ್ಕ ಮಗು ನಾನು, ನನ್ನ ಯಾರ ಹತ್ರ ಬಿಟ್ಟು ಹೋಗಿದ್ದೆ?"

"ಬಿಟ್ಟು ಹೋಗೋಕಾಗತ್ತೇನೋ? ನನ್ನ ತೊಡೆ ಮೇಲೇ ಕೂತಿದ್ದೆ. ಎಲ್ಲರಿಗಿಂತ ಮೊದ್ಲು ಚಪ್ಪಾಳೆ ಹೊಡೆದಿದ್ದೇ ನೀನು. ಈಗ ಕೂತ್ಕೋ. ಹುಡುಗಿ ಚೆನ್ನಾಗಿದಾಳೆ, ದಮ್ಮು ಇರೋ ಹುಡುಗಿ. ದಿನ ಗೊತ್ತು ಮಾಡು."

ಅವರು ಕೂತರು. ಮಗಳು ಅಳುತ್ತಾ ನಗುತ್ತಾ ಅಜ್ಜಿಯ ಕಾಲಿಗೆ ಬಿದ್ದಳು. ಹೆಂಡತಿ ಸೂರ್ಯನಾರಾಯಣನನ್ನು ತಂದು ಮೊಳೆಗೆ ಹಾಕಿದಳು. ಗೇಟಿನಲ್ಲೇ ನಿಂತಿದ್ದ ಹೆಡ್‌ಮಾಸ್ಟರು ಮಾತ್ರ, ಹಳದಿಯೇ ಅಂತ ಗೊಣಗುತ್ತಾ ಹೋದರು.

ಹೊರಡುವಾಗ ಬೀಗರು ನನ್ನನ್ನು ಪಕ್ಕಕ್ಕೆ ಕರೆದು, ಅತ್ತಿತ್ತ ನೋಡಿದರು.

"ಅಮ್ಮ ಹೇಳಿದ್ದು ಪುಸ್ತಕದಲ್ಲಿ ಹಾಕ್ತೀರಾ?"

"ನಿಮ್ಮ ಅಪ್ಪಣೆ ಇದ್ರೆ."

"ಹಾಕಿ, ಪರ್ವಾಗಿಲ್ಲ. ಆದ್ರೆ ನನ್ನ ವಿಷಯ ಬಂದಾಗ, ಹೀಗೇ ರಸ್ತೇಲಿ ಹೋಗ್ತಾ ಇದ್ದೆ ಅಂತ ಬರ್ಕೊಳ್ಳಿ."

ನಡೆಯಲೂ ಬಾರದ ಮಗು ಒಂಟಿಯಾಗಿ ರಸ್ತೆಯಲ್ಲಿ ಹೇಗೆ ಹೋಗುತ್ತಿತ್ತು ಅಂತ ನಾನು ಕೇಳಲಿಲ್ಲ. ಬೀಗರನ್ನು ಹಾಗೆಲ್ಲ ಕೇಳಬಾರದು. ಹಾಗೇ ಬರೆದುಕೊಂಡೆ.