ಶಿಸ್ತಪ್ಪನ ನಾಲ್ಕನೇ ನಿಯಮ

ಗೋಲ್‌ಕೀಪರ್ ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಶಿಸ್ತಪ್ಪ ಇವತ್ತಿಗೂ ಸೀಟಿ ಊದಿಕೊಂಡು ನೆಮ್ಮದಿಯಾಗಿರುತ್ತಿದ್ದ.

ಶಿಸ್ತಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಫುಟ್‌ಬಾಲ್ ತಂಡದವರು ಬೆನ್ನ ಹಿಂದೆ ಇಟ್ಟದ್ದು. ಎದುರಿಗೆ ಎಲ್ಲರೂ ‘ಸಾರ್’ ಎನ್ನುತ್ತಿದ್ದರು. ಕಚೇರಿಯಲ್ಲಿ ಅವನು ಹಳೇ ಕಡತಗಳ ಕೋಣೆಯ ಗುಮಾಸ್ತ; ಅಲ್ಲಿ ಅವನ ಮಾತು ಕೇಳಲು ಜಿರಲೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮನೆಯಲ್ಲಿ ಹೆಂಡತಿ, ಅತ್ತೆ ಇಬ್ಬರೂ ಇದ್ದರು, ಆದರೆ ಕೇಳುತ್ತಿರಲಿಲ್ಲ. ಸಂಜೆ ಮೈದಾನದಲ್ಲಿ ಮಾತ್ರ ಅವನು ಒಂದು ಸಲ ಸೀಟಿ ಊದಿದರೆ ಹನ್ನೊಂದು ಜನ ಗಂಡಸರು ಓಡುವುದನ್ನು ನಿಲ್ಲಿಸಿ ಅವನ ಬಾಯಿ ನೋಡುತ್ತಿದ್ದರು. ಅನ್ನ ನೀರು ಬಿಟ್ಟಾನು, ಆ ಕೋಚ್‌ಗಿರಿಯನ್ನು ಬಿಡಲಾರ.

ನೋಟಿಸ್ ಬೋರ್ಡಿನಲ್ಲಿ ಅವನೇ ಬರೆದು ಹಾಕಿದ ಏಳು ನಿಯಮಗಳಿದ್ದವು. ನಾಲ್ಕನೆಯದರ ಮೇಲೆ ಅವನಿಗೆ ಪ್ರಾಣ. ಪ್ರತಿ ವಾರ ಸರದಿಯಂತೆ ಒಬ್ಬ ಆಟಗಾರ ಎಲ್ಲರ ಅಂಗಿಗಳನ್ನೂ ಮನೆಗೆ ಒಯ್ದು ಸ್ವಂತ ಕೈಯಿಂದ ಒಗೆದು ತರಬೇಕು. ಹೆಂಡತಿಗೆ ಕೊಡಬಾರದು, ಲಾಂಡ್ರಿಗೆ ಹಾಕಬಾರದು. “ತಂಡದ ಬೆವರನ್ನ ಕೈಯಾರೆ ಹಿಂಡದವನಿಗೆ ತಂಡದ ಕಷ್ಟ ಗೊತ್ತಾಗಲ್ಲ ಕಣ್ರಯ್ಯ,” ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದ. ತಪ್ಪಿದವರು ತಂಡದಿಂದ ಹೊರಗೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಕೋಚ್ ಆದರೂ ಸರಿ’ ಎಂದು ಬರೆದವನೂ ಅವನೇ. ಬರೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಅಕ್ಷರ ದುಂಡಗೆ ಬಂದಿದೆ ಎಂದು ಖುಷಿಪಟ್ಟಿದ್ದ.

ಸೋಮವಾರದ ಸಭೆಯಲ್ಲಿ ಗೋಲ್‌ಕೀಪರ್ ಕೈ ಎತ್ತಿ, “ಸಾರ್, ಒಗೆಯೋ ಪಟ್ಟೀಲಿ ನಿಮ್ಮ ಹೆಸರೇ ಇಲ್ವಲ್ಲ, ಮರೆತುಹೋಯ್ತಾ?” ಎಂದು ಮುಗ್ಧವಾಗಿ ಕೇಳಿದ. ನಾಯಕನಾದವನು ಮೊದಲು ತಾನು ಮಾಡಿ ತೋರಿಸಬೇಕು ಎನ್ನುವುದು ಎರಡನೇ ನಿಯಮ. ಶಿಸ್ತಪ್ಪ ನಗುನಗುತ್ತಾ ಅಂಗಿಗಳ ಗಂಟನ್ನು ಹೆಗಲಿಗೆ ಹಾಕಿಕೊಂಡ.

ಬಚ್ಚಲಿನಲ್ಲಿ ಗಂಟು ಬಿಚ್ಚಿದಾಗ ನಗು ಹೋಯಿತು. ಹನ್ನೊಂದು ಬಿಳಿ ಅಂಗಿ, ಒಂದರಲ್ಲೂ ಬಿಳಿ ಇಲ್ಲ. ಅವನೋ ಒಂದು ಕರ್ಚೀಫನ್ನೂ ಒಗೆದವನಲ್ಲ. ಮಾರನೇ ದಿನ ಗಂಟನ್ನು ಹಳೇ ಪೇಪರಿನಲ್ಲಿ ಸುತ್ತಿ, ನಾಲ್ಕು ಬೀದಿ ಆಚೆ, ಪರಿಚಯದವರ್‍ಯಾರೂ ಸುಳಿಯದ ಸಂದಿಯಲ್ಲಿದ್ದ ಲಾಂಡ್ರಿಗೆ ಕೊಟ್ಟು ಬಂದ.

ಶನಿವಾರ ಸಂಜೆ ನಾಲ್ಕಕ್ಕೆ ವಿದ್ಯುತ್ ಕಚೇರಿಯವರ ಮೇಲೆ ಫೈನಲ್. ದೊಡ್ಡ ಸಾಹೇಬರೇ ನೋಡಲು ಬರುವವರಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಶಿಸ್ತಪ್ಪ ಲಾಂಡ್ರಿಗೆ ಹೋದರೆ ಶಟರ್ ಎಳೆದಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಮಧ್ಯಾಹ್ನ ಬರುತ್ತೇನೆ’ ಎಂದಿತ್ತು. ಎಷ್ಟು ಗಂಟೆಗೆ ಎಂದು ಬರೆದಿರಲಿಲ್ಲ.

“ಏನ್ರೀ, ಲಾಂಡ್ರಿ ಮುಂದೆ ನಿಂತಿದ್ದೀರಿ?”

ಶಿಸ್ತಪ್ಪನ ಎದುರುಮನೆಯ ರಿಟೈರ್ಡ್ ಮೇಷ್ಟ್ರು. ಅವರ ಕಿವಿಗೆ ಬಿದ್ದದ್ದು ಮೈಕಿನಲ್ಲಿ ಹೇಳಿದ ಹಾಗೆ.

“ಲಾಂಡ್ರಿನಾ? ಎಲ್ಲಿ? ಓ, ಇದಾ. ನಾನು ಬಸ್ಸಿಗೆ ನಿಂತಿದ್ದೆ ಮೇಷ್ಟ್ರೇ.”

“ಈ ಸಂದೀಲಿ ಬಸ್ ಎಲ್ಲಿ ಬರುತ್ರೀ? ಬನ್ನಿ, ಸ್ಟಾಪ್ ತೋರಿಸ್ತೀನಿ.”

ತೋರಿಸಿ ಹೋಗಿದ್ದರೆ ಸಾಕಿತ್ತು. ಮೇಷ್ಟ್ರು ಬಸ್ಸು ಬರುವ ತನಕ ನಿಂತು, ಕೈ ಹಿಡಿದು ಹತ್ತಿಸಿ, ಕಂಡಕ್ಟರಿಗೆ “ನಮ್ಮ ಕೋಚು, ಸೀಟ್ ಕೊಡ್ರೀ” ಎಂದು ಒಪ್ಪಿಸಿ, ಬಸ್ಸು ಮರೆಯಾಗುವ ತನಕ ಕೈ ಬೀಸಿದರು. ಅದು ನಡುವೆ ಎಲ್ಲೂ ನಿಲ್ಲದ ಬಸ್ಸು. ಇಳಿದಾಗ ಸುತ್ತ ಇಟ್ಟಿಗೆ ಗೂಡುಗಳು ಬಿಟ್ಟರೆ ಏನೂ ಇರಲಿಲ್ಲ. ಅರ್ಧ ದಾರಿ ನಡೆದು, ಅರ್ಧ ದಾರಿ ಇಟ್ಟಿಗೆ ಲಾರಿಯ ಹಿಂದೆ ಕೂತು ವಾಪಸ್ ಬಂದಾಗ ಎರಡೂಕಾಲು. ಮೈಯೆಲ್ಲ ಕೆಂಪು ಧೂಳು. ಶಟರ್ ಇನ್ನೂ ಎಳೆದೇ ಇತ್ತು.

ಶಿಸ್ತಪ್ಪ ಕೂತ. ಎದ್ದ. ಸಂದಿಯ ಆ ತುದಿ ತನಕ ಹೋಗಿ ಬಂದ. ಶಟರಿನ ಸಂದಿನಲ್ಲಿ ಕಣ್ಣಿಟ್ಟು ನೋಡಿದ, ಒಳಗೆ ಕತ್ತಲೆ. ಗಡಿಯಾರ ಓಡುತ್ತಿದೆಯೋ ಇಲ್ಲವೋ ಎಂದು ಕಿವಿಗೆ ಹಿಡಿದ. ಓಡುತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಅಂಗಿ ಇಲ್ಲ ಎಂದರೆ ಆಟವಿಲ್ಲ. ಲಾಂಡ್ರಿಯಲ್ಲಿದೆ ಎಂದರೆ ಕೋಚ್‌ಗಿರಿ ಇಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ಲಾಂಡ್ರಿಯ ಒಡತಿ ನಿಧಾನವಾಗಿ ಬೀಗದ ಕೈ ಕುಣಿಸುತ್ತಾ ಬಂದಳು. ಐವತ್ತು ದಾಟಿದ ಹೆಂಗಸು; ಗಿರಾಕಿಗಳಿಗೆಲ್ಲ ಲಾಂಡ್ರಿ ಅಕ್ಕ.

“ನನ್ನ ಅಂಗಿಗಳು, ಬೇಗ ಕೊಡಿ ಅಕ್ಕ.”

“ಒಗೆದಾಗಿದೆ. ಇಸ್ತ್ರಿ ಆಗಬೇಕು.”

“ಇಸ್ತ್ರಿ ಬೇಡ, ಹಾಗೇ ಕೊಡಿ.”

“ಸುಕ್ಕು ಬಟ್ಟೆ ನನ್ನ ಅಂಗಡಿಯಿಂದ ಆಚೆ ಹೋಗಲ್ಲ. ಕೂತ್ಕೊಳ್ಳಿ.”

ಶಿಸ್ತು ಎನ್ನುವುದು ಇನ್ನೊಬ್ಬರ ಕೈಯಲ್ಲಿದ್ದಾಗ ಎಷ್ಟು ಹಿಂಸೆ ಎಂದು ಶಿಸ್ತಪ್ಪನಿಗೆ ಮೊದಲ ಸಲ ಅನ್ನಿಸಿತು. ಅಕ್ಕ ಅವನ ಕುತ್ತಿಗೆಯ ಸೀಟಿಯನ್ನೊಮ್ಮೆ ನೋಡಿ, ಒಂದೊಂದೇ ಅಂಗಿ ಹರಡಿ ಇಸ್ತ್ರಿ ಎಳೆಯುತ್ತಾ ಮಾತು ಶುರು ಮಾಡಿದಳು.

“ಇದು ಒಂಬತ್ತನೇ ನಂಬರು. ಮೈಗಳ್ಳ. ಇವನ ಅಂಗೀಲಿ ಬೆವರಿನ ವಾಸನೆಯೇ ಇರಲ್ಲ. ಇದು ನಾಲ್ಕು. ಪಾಪ, ಹಿಂದೆ ಮುಂದೆ ಎಲ್ಲ ಕೆಸರು, ಎಲ್ಲರ ಕೆಲಸ ಇವನೊಬ್ಬನೇ ಮಾಡ್ತಾನೆ. ಇದು ಏಳು. ಹುಲ್ಲಿನ ಕಲೆ ಯಾವಾಗ್ಲೂ ಎಡಗಡೆಗೇ. ಹುಡುಗನಿಗೆ ಎಡಗಡೆಯೇ ಒಲವು, ನೀವು ಬಲಗಡೆ ನಿಲ್ಲಿಸ್ತೀರೇನೋ.”

ನಿಲ್ಲಿಸುತ್ತಿದ್ದದ್ದು ಬಲಗಡೆಯೇ. “ಒಂದು ಸಲ ಒಗೆದಿದ್ದಕ್ಕೆ ಇಷ್ಟೆಲ್ಲ ಗೊತ್ತಾಯ್ತಾ?”

“ಒಂದು ಸಲ ಎಲ್ಲಿ ಬಂತು ಸಾರ್, ಎರಡು ವರ್ಷ ಆಯ್ತು. ವಾರಕ್ಕೊಬ್ಬರು ತರ್ತಾರೆ, ನಿಮ್ಮ ಹಾಗೇ ಪೇಪರಲ್ಲಿ ಸುತ್ಕೊಂಡು.”

ಹೋದ ತಿಂಗಳ ಸಭೆಯಲ್ಲಿ ಗೋಲ್‌ಕೀಪರ್, ಬಟ್ಟೆ ಒಗೆದು ಒಗೆದು ತನ್ನ ಅಹಂಕಾರವೇ ಇಳಿದುಹೋಯಿತೆಂದು ಕಣ್ಣೀರು ಹಾಕಿ, ಅಂಗೈಯ ಬೊಬ್ಬೆ ತೋರಿಸಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಶಿಸ್ತಪ್ಪ. ಈಗ ಹನ್ನೊಂದು ಜನರನ್ನೂ ಇವತ್ತೇ ಹೊರಗೆ ಹಾಕುತ್ತೇನೆ ಎಂದು ಎದ್ದು ನಿಂತ. ಹನ್ನೆರಡನೆಯವನು ಯಾರು ಎಂದು ನೆನಪಾಗಿ ಮತ್ತೆ ಕೂತ.

ಕೊನೆಯ ಅಂಗಿ ಮುಗಿದಾಗ ಮೂರೂ ನಲವತ್ತು. ಅಕ್ಕ ಎಲ್ಲವನ್ನೂ ಹ್ಯಾಂಗರಿಗೆ ಹಾಕಿ ಒಂದು ಉದ್ದನೆಯ ಕೋಲಿಗೆ ತೂಗುಹಾಕಿದಳು. “ಮಡಚಿದ್ರೆ ಗೆರೆ ಹಾಳಾಗುತ್ತೆ. ಆ ತುದಿ ನೀವು ಹಿಡೀರಿ, ಈ ತುದಿ ನಾನು.”

“ನೀವು ಬರೋದು ಬೇಡ ಅಕ್ಕ, ದಮ್ಮಯ್ಯ.”

“ಹಾಗಾದ್ರೆ ಅಂಗೀನೂ ಬರಲ್ಲ.”

ಹೀಗೆ ಗಲ್ಲಿಯಲ್ಲಿ ಮೆರವಣಿಗೆ ಹೊರಟಿತು. ತಿರುವಿನಲ್ಲಿ ಮೇಷ್ಟ್ರು ಸಿಕ್ಕಿ, “ಬಸ್ಸಿಂದ ಯಾವಾಗ ಬಂದ್ರಿ?” ಎನ್ನುತ್ತಾ ಹಿಂದೆಯೇ ಬಂದರು. ಮೈದಾನ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ. ಲಾಂಡ್ರಿ ಅಕ್ಕನನ್ನು ಕಂಡದ್ದೇ ಹನ್ನೊಂದು ಆಟಗಾರರೂ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು.

“ಯಾರ್‍ರೀ ಇವರು?” ಎಂದರು ದೊಡ್ಡ ಸಾಹೇಬರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಶಿಸ್ತಪ್ಪ ಹಾರಿ ಹೇಳಿದ. “ನಮ್ಮ ತಂಡದ ಸಲಹೆಗಾರರು ಸಾರ್.”

“ಸಲಹೆಗಾರರೂ ಅಂಗಿ ಹೊರ್ತಾರಾ? ಭೇಷ್. ಅಂಗಿಗಳೂ ಹಾಲಿನ ಹಾಗಿವೆ. ಒಗೆದದ್ದು ಯಾರು?”

“ನಾನೇ ಸಾರ್. ಸ್ವಂತ ಕೈಯಿಂದ.”

ಅಕ್ಕ ಅವನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು. ಗಿರಾಕಿಯ ಗುಟ್ಟು ಅಂಗಡಿಯ ಹೊಸ್ತಿಲು ದಾಟಬಾರದು ಎನ್ನುವುದು ಅವಳ ನಿಯಮ. ಸಾಹೇಬರು ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮೇಷ್ಟ್ರಿಗೆ ಕುರ್ಚಿ, ತಂಪು ಪಾನೀಯ ಎರಡೂ ಸಿಕ್ಕಿದ್ದರಿಂದ ಅವರ ಬಾಯಿಯೂ ತಾತ್ಕಾಲಿಕವಾಗಿ ಮುಚ್ಚಿತು.

ಆಟ ಶುರುವಾಯಿತು. ಅರ್ಧ ಸಮಯಕ್ಕೆ ವಿದ್ಯುತ್ತಿನವರದು ಎರಡು ಗೋಲು, ನೀರಿನವರದು ಸೊನ್ನೆ. ಶಿಸ್ತಪ್ಪ ಗೆರೆಯ ಉದ್ದಕ್ಕೂ ಓಡಾಡಿ ಏಳೂ ನಿಯಮಗಳನ್ನು ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ.

“ಸಲಹೆಗಾರರು ಸುಮ್ಮನೆ ಕೂತಿದ್ದೀರಲ್ಲ,” ಎಂದರು ಸಾಹೇಬರು. “ಏನಮ್ಮಾ ನಿಮ್ಮ ಸಲಹೆ?”

“ಒಂಬತ್ತು ಹಿಂದೆ ಹೋಗಲಿ, ನಾಲ್ಕು ಮುಂದೆ ಬರಲಿ. ಏಳನ್ನ ಎಡಗಡೆ ಹಾಕಿ.”

ಒಂಬತ್ತು ಮುಖ ಊದಿಸಿಕೊಂಡು, “ನಾನೇನ್ ಕಮ್ಮಿ ಆಡಿದ್ನಾ?” ಎಂದ.

“ಅರ್ಧ ಆಟ ಆಗಿದೆಯಪ್ಪಾ, ನಿನ್ನ ಅಂಗೀಲಿ ಇಸ್ತ್ರಿ ಗೆರೆ ಇನ್ನೂ ಹಾಗೇ ಇದೆ,” ಎಂದಳು ಅಕ್ಕ. ಎಲ್ಲರೂ ನೋಡಿದರು. ಹಾಗೇ ಇತ್ತು. ಒಂಬತ್ತು ಹಿಂದೆ ಹೋದ.

ನಾಲ್ಕು ಎರಡು ಗೋಲು ಹೊಡೆದ. ಏಳು ಎಡಗಡೆಯಿಂದ ನುಗ್ಗಿ ಮೂರನೆಯದನ್ನು ಹೊಡೆದ. ನೀರಿನವರು ಗೆದ್ದರು. ಸಾಹೇಬರು ಕಪ್ಪನ್ನು ನೇರವಾಗಿ ಅಕ್ಕನ ಕೈಗೆ ಕೊಟ್ಟು, “ಇನ್ನು ಮೇಲೆ ಇವರೇ ನಮ್ಮ ಕೋಚು,” ಎಂದರು.

ಶಿಸ್ತಪ್ಪ ಗುಂಪಿನಿಂದ ಮುಂದೆ ನುಗ್ಗಿದ. “ಹಾಗಾದ್ರೆ ನಾನು ಸಾರ್?”

“ನಿಮ್ಮಂಥವರನ್ನ ಬಿಡ್ತೀವೇನ್ರೀ? ಇಷ್ಟು ಚೆನ್ನಾಗಿ ಯಾರ್‍ರೀ ಒಗೀತಾರೆ? ಸರದಿಗಿರದಿ ಏನೂ ಬೇಡ, ಪ್ರತಿ ವಾರ ಒಗೆಯೋ ಜವಾಬ್ದಾರಿ ನಿಮ್ಮೊಬ್ಬರದೇ. ಏನ್ರಪ್ಪಾ, ಒಪ್ಪಿಗೆ ಇರೋರು ಕೈ ಎತ್ತಿ.”

ಹನ್ನೊಂದು ಕೈಗಳು ಒಂದೇ ಸಲಕ್ಕೆ ಮೇಲೆದ್ದವು. ಎರಡು ವರ್ಷ ಒಗ್ಗಟ್ಟಿನ ಪಾಠ ಹೇಳಿದ್ದ ಶಿಸ್ತಪ್ಪ ಅಂಥ ಒಗ್ಗಟ್ಟನ್ನು ಅದೇ ಮೊದಲು ನೋಡಿದ್ದು. ನಾನು ಒಗೆದದ್ದಲ್ಲ ಎಂದು ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಕೆಂಪು ಶಾಯಿ ಕಾದಿತ್ತು. ಬಟ್ಟೆ ಗಂಟಿನ ಜೊತೆಗಾದರೂ ಮೈದಾನದಲ್ಲಿ ಉಳಿಯಬಹುದಲ್ಲ ಎಂದು ಕೊಳೆ ಅಂಗಿಗಳಿಗೆ ಕೈ ಚಾಚಿದ.

ಜನ ಚದುರಿದ ಮೇಲೆ ಕೊಳೆ ಅಂಗಿಗಳ ಗಂಟು ಹೊತ್ತು ಅಕ್ಕನ ಹತ್ತಿರ ಹೋಗಿ ಪಿಸುಗುಟ್ಟಿದ. “ಅಕ್ಕ, ಸೋಮವಾರ ಪೇಪರಲ್ಲಿ ಸುತ್ಕೊಂಡು ಬರ್ತೀನಿ.”

“ಲಾಂಡ್ರಿಗೆ ಹಾಕಬಾರದು ಅಂತ ಬೋರ್ಡಲ್ಲಿ ಬರೆದಿದೆಯಂತಲ್ಲ ಸಾರ್. ನಾನೀಗ ಕೋಚು.”

ಊರಲ್ಲಿ ಇನ್ನೊಂದು ಲಾಂಡ್ರಿ ಎಲ್ಲಿದೆ ಎಂದು ಶಿಸ್ತಪ್ಪ ಯೋಚಿಸುತ್ತಿರುವಾಗಲೇ ಅಕ್ಕ ಮಾತು ಮುಂದುವರಿಸಿದಳು.

“ಬೇರೆ ಕಡೆ ಹಾಕಿದ್ರೂ ಗೊತ್ತಾಗುತ್ತೆ. ಕಾಲರ್ ನೋಡಿದ್ರೆ ಸಾಕು, ಒಗೆದ ಕೈ ಯಾರದು ಅಂತ ಹೇಳ್ತೀನಿ. ಚೆನ್ನಾಗಿ ಉಜ್ಜಿ.”

ಆಮೇಲೆ ಅವನ ಕುತ್ತಿಗೆಯಲ್ಲಿದ್ದ ಸೀಟಿಯನ್ನು ಬಿಚ್ಚಿಕೊಂಡು, ಸೆರಗಿನಲ್ಲಿ ಒರೆಸಿ, ಒಂದು ಸಲ ಊದಿದಳು. ಶಿಸ್ತಪ್ಪ ಗಂಟು ಹೊತ್ತು ಮನೆಯ ಕಡೆ ಓಡಿದ.