ಸತು ಸತ್ತ ಸಮಾಚಾರ

ಬಿಸಿ ತಾಗಿದಾಗ ಒಂದು ಬಣ್ಣ, ಆರಿದಾಗ ಇನ್ನೊಂದು ಬಣ್ಣ ತೋರಿಸುವವರು ನಾನು ಹೋದ ಊರಲ್ಲೆಲ್ಲ ಸಿಗುತ್ತಲೇ ಇರುತ್ತಾರೆ. ಅವರ ಪೈಕಿ ಸುಳ್ಳು ಹೇಳದೆ ಬಣ್ಣ ಬದಲಾಯಿಸಿದ್ದು ಒಂದು ಬೂದಿ ಮಾತ್ರ.

ಮಗ್ಗಿ ಮುಗಿಯುವ ಮೊದಲೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು ನಾನು. ಊರೂರು ತಿರುಗುತ್ತ ಒಬ್ಬ ಪಂಡಿತರ ಒಲೆಗೆ ತಿದಿ ಒತ್ತಲು ಸೇರಿಕೊಂಡೆ. ಸತುವನ್ನು ಸುಟ್ಟು, ಆ ಬೂದಿಯನ್ನು ಔಷಧಿ ಅಂತ ಕೊಡುವುದು ಅವರ ಕಸುಬು. ಹಾಗೆ ಸುಡುವುದಕ್ಕೆ ಅವರ ಭಾಷೆಯಲ್ಲಿ 'ಕೊಲ್ಲುವುದು' ಎಂದು ಹೆಸರು. ತರೀಕೆರೆ ಅಮಲ್ದಾರರನ್ನು ಒಲಿಸಿಕೊಂಡು ಅಲ್ಲಿ ಸರ್ಕಾರಿ ಪಂಡಿತರಾಗಿ ಕೂರಬೇಕು ಅನ್ನುವುದೊಂದೇ ಅವರ ಆಸೆ.

ಕಡೂರಿನ ರೋಗಿ

ಕಡೂರಲ್ಲಿ ಒಬ್ಬ ಗೌಡರ ತಾಯಿ ಹಾಸಿಗೆ ಹಿಡಿದಿದ್ದರು. ಅವರು ಮಲಗಿದ್ದ ಕೋಣೆಯ ಗೋಡೆಯಾಚೆ, ಹಿತ್ತಿಲಲ್ಲಿ ನಮ್ಮ ಒಲೆ. ಸತು ಕರಗಿ ಕುದಿಯುತ್ತಿತ್ತು. ಪಂಡಿತರು ದೂರದಿಂದಲೇ ಕೇಳಿದರು.

“ಸತ್ತಿತೇನೋ?”

“ಇನ್ನೂ ಇಲ್ಲ ಸ್ವಾಮಿ, ಮಿಸುಕಾಡ್ತಾ ಇದೆ.”

“ಇನ್ನಷ್ಟು ಬೆಂಕಿ ಹಾಕು. ಸತ್ತ ಮೇಲೆ ಬಟ್ಟೇಲಿ ಕಟ್ಟಿಡು, ಗೌಡ್ರಿಗೆ ನಾನು ಹೇಳ್ತೀನಿ.”

ಗೋಡೆಯಾಚೆ ಇದನ್ನೆಲ್ಲ ಕೇಳಿಸಿಕೊಂಡ ಅಜ್ಜಿ ಎದ್ದು, ಸೀರೆ ಸರಿಮಾಡಿಕೊಂಡು, ಸಿಂಗಟಗೆರೆಯ ಮಗಳ ಮನೆಗೆ ನಡೆದೇ ಹೊರಟುಬಿಟ್ಟರು. ಗೌಡರು ನಮ್ಮನ್ನು ಊರಾಚೆಯವರೆಗೂ ಬಿಟ್ಟು ಬಂದರು, ಕೈಯಲ್ಲಿ ದೊಣ್ಣೆ ಇತ್ತು. ಪಂಡಿತರು ಔಷಧಿ ಕೊಡದೆ ಎಬ್ಬಿಸಿದ ರೋಗಿ ಆಕೆಯೊಬ್ಬರೇ. ಕೊಟ್ಟು ಎಬ್ಬಿಸಿದ ರೋಗಿ ನನಗಿನ್ನೂ ಸಿಕ್ಕಿಲ್ಲ.

ಅಜ್ಜಂಪುರದ ಹತ್ತಿ

ಅಜ್ಜಂಪುರದಲ್ಲಿ ಸತು ಸರಿಯಾಗಿಯೇ ಹೊತ್ತಿಕೊಂಡಿತು. ಬಿಳೀ ಬೂದಿ ಎಳೆಎಳೆಯಾಗಿ ಎದ್ದು ಗಾಳಿಯಲ್ಲಿ ತೇಲಿತು. ಪಕ್ಕದಲ್ಲೇ ಹತ್ತಿ ವ್ಯಾಪಾರಿಯ ಗೋದಾಮು. ಅದರ ಮುದುಕ ಕಾವಲುಗಾರ ಬಂದು, ನಮ್ಮ ಯಜಮಾನರ ಹತ್ತಿ ಕದ್ದು ಸುಡ್ತಿದ್ದೀರಾ ಅಂತ ನನ್ನ ರಟ್ಟೆ ಹಿಡಿದ. ಹತ್ತಿಯಾದರೆ ಸುಟ್ಟು ನೋಡಪ್ಪಾ ಅಂದರು ಪಂಡಿತರು. ಅವನು ಒಂದು ಹಿಡಿ ಬೂದಿ ತೆಗೆದು ಕೆಂಡದ ಮೇಲಿಟ್ಟ. ಅದು ಉರಿಯಲಿಲ್ಲ, ಹೊಗೆಯಾಡಲಿಲ್ಲ, ಹಳದಿಯಾಗಿ ಕೂತಿತು. ತೆಗೆದಿಟ್ಟರೆ ಮತ್ತೆ ಬಿಳಿ.

ಮುದುಕ ನನ್ನ ರಟ್ಟೆ ಬಿಟ್ಟು ಕೈಮುಗಿದ. “ಇದರ ಬೀಜ ಇದ್ರೆ ಒಂದಿಷ್ಟು ಕೊಡಿ ಬುದ್ಧಿ.”

ತರೀಕೆರೆಯ ನೇಮಕ

ಆ ಹಳದಿ ಕಂಡ ಮೇಲೆ ಪಂಡಿತರ ನಡಿಗೆಯೇ ಬೇರೆಯಾಯಿತು. ನೆಟ್ಟಗೆ ತರೀಕೆರೆ ಕಚೇರಿಯ ಅಂಗಳದಲ್ಲಿ ಒಲೆ ಹೂಡಿ, ಈ ಬೂದಿಯಲ್ಲಿ ಬಂಗಾರದ ಸತ್ವ ಇದೆ ಅಂತ ಅಮಲ್ದಾರರಿಗೆ ತೋರಿಸಿದರು. ಬೂದಿ ಹಳದಿಯಾಯಿತು. ಅಮಲ್ದಾರರು ಮೆಚ್ಚಿ, ಅಪ್ಪಣೆ ಬರೆಯಲು ಲೇಖನಿ ಎತ್ತಿಕೊಂಡರು. ನಾನು ಬೆವರು ಒರೆಸಿಕೊಳ್ಳಲು ತಿದಿ ಬಿಟ್ಟೆ. ಒಲೆಯ ಕಾವು ತಗ್ಗಿತು, ಬೂದಿ ಬೆಳ್ಳಗಾಯಿತು. ಲೇಖನಿ ಕೆಳಗಿಳಿಯಿತು. ಮತ್ತೆ ಒತ್ತಿದೆ, ಮತ್ತೆ ಹಳದಿ. ಲೇಖನಿ ಮಾತ್ರ ಮತ್ತೆ ಏಳಲಿಲ್ಲ.

“ಪಂಡಿತರೇ, ನಿಮ್ಮ ನೇಮಕ ಆಯ್ತು ಅಂತಲೇ ತಿಳ್ಕೊಳ್ಳಿ,” ಅಂದರು ಅಮಲ್ದಾರರು. “ಬೂದಿ ಹಳದಿ ಇರೋವರೆಗೂ ನೀವು ಸರ್ಕಾರಿ ಪಂಡಿತರು. ಬಿಳಿಯಾದ ಗಳಿಗೆ ಎದ್ದು ಹೊರಡಿ.”

ಪಂಡಿತರು ನನ್ನ ಕಿವಿಯಲ್ಲಿ, ತಿದಿ ಒತ್ತೋ, ನಿಲ್ಲಿಸಬೇಡ ಅಂದು, ಜಗಲಿ ಹತ್ತಿ ಕೂತರು. ಆ ಅಧಿಕಾರದಲ್ಲೇ ಒಬ್ಬ ಜವಾನನ ನಾಡಿ ಹಿಡಿದರು, ಇನ್ನೊಬ್ಬನಿಗೆ ಮೊಸರು ಬಿಡಿಸಿದರು. ಅಷ್ಟರಲ್ಲಿ ಇದ್ದಿಲು ಮುಗಿಯಿತು. ತಿದಿಯ ಸದ್ದು ನಿಂತದ್ದು ಕೇಳಿ, ಹಳೇ ಅಭ್ಯಾಸದಲ್ಲಿ ಜಗಲಿಯಿಂದಲೇ ಕೇಳಿದರು.

“ಏನೋ, ಸತ್ತಿತೇನೋ?”

“ಸತು ಅಜ್ಜಂಪುರದಲ್ಲೇ ಸತ್ತಿತ್ತು ಸ್ವಾಮಿ,” ಅಂದೆ. “ಈಗ ಸತ್ತಿದ್ದು ನಿಮ್ಮ ನೌಕರಿ.”