ಐನೂರು ಕೆಜಿ ಹೊತ್ತ ಕರೆಂಟ್ ಗಾಡಿ

ಇಂಥವೆಲ್ಲ ಹುಡುಕಿಕೊಂಡು ಬಂದು ನನಗೇ ಯಾಕೆ ಆಗುತ್ತವೋ ಕಾಣೆ. ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ನಾನು ಟೆಸ್ಟ್ ಡ್ರೈವರ್. ಅಲ್ಲಿ ಹೊಸದಾಗಿ ಮೂರು ಚಕ್ರದ ಕರೆಂಟ್ ಗಾಡಿ ತಯಾರಾಗುತ್ತಿದೆ, ಸಾಮಾನು ಸಾಗಿಸೋಕೆ. ಹಿಂದೆ ಐನೂರು ಕೆಜಿ ಹೇರಿಕೊಂಡು ಊರೂರು ಸುತ್ತಿ, ಒಂದು ಚಾರ್ಜಿಗೆ ಎಷ್ಟು ದೂರ ಓಡಿತು ಅಂತ ಬರೆಸೋದು ನನ್ನ ಕೆಲಸ. ಆರು ತಿಂಗಳ ಕಾಂಟ್ರಾಕ್ಟ್. ಟೆಸ್ಟ್ ಸರಿಯಾಗಿ ಮುಗಿದರೆ ಕೆಲಸ ಕಾಯಂ, ಎಡವಟ್ಟಾದರೆ ಮನೆಗೆ ಅಂತ ಮ್ಯಾನೇಜರು ಮೊದಲ ದಿನವೇ ಹೇಳಿಬಿಟ್ಟಿದ್ದರು. ನಾನೋ ಹುಟ್ಟಾ ಪುಕ್ಕಲ.

೧. ಮರಳು

ಮೊದಲು ಹೇರಿದ್ದು ಮರಳಿನ ಮೂಟೆ. ಚಿಕ್ಕಬಳ್ಳಾಪುರದ ಹತ್ತಿರ ಒಬ್ಬರು ಪೊಲೀಸರು ಕೈ ಅಡ್ಡ ಹಾಕಿದರು. ನಮ್ಮ ಕಡೆ ಮರಳು ಅಂದರೆ ಗೊತ್ತಲ್ಲ, ಪರ್ಮಿಟ್ ಇಲ್ಲದೆ ಒಂದು ಬಾಂಡ್ಲಿ ಸಾಗಿಸೋಕೂ ಹೆದರಬೇಕು. ಯಾರ ಮನೆ ಕಟ್ಟೋಕೆ ಇದು ಅಂತ ಕೇಳಿದರು. ಯಾರ ಮನೆಗೂ ಅಲ್ಲ ಸಾರ್ ಅಂದೆ. ಮತ್ತೆ ಎಲ್ಲಿ ಇಳಿಸ್ತೀಯ ಅಂದರು. ಎಲ್ಲೂ ಇಳಿಸಲ್ಲ, ವಾಪಸ್ ಫ್ಯಾಕ್ಟರಿಗೇ ತಗೊಂಡು ಹೋಗ್ತೀನಿ ಅಂದೆ. ನಾಳೆ ಏನು ಮಾಡ್ತೀಯ ಅಂದರು. ನಾಳೆ ಇದನ್ನೇ ಮತ್ತೆ ತರ್ತೀನಿ ಅಂದೆ. ಅವರು ಮೂಟೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕೇಸು ಬಿತ್ತು, ಕೆಲಸ ಹೋಯ್ತು ಅಂತ ನಾನು ಬೆವತುಹೋದೆ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

“ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಅವರ ನಂಬರ್ ಕೊಡಪ್ಪ.”

೨. ನೀರು

ಮರಳಿನ ಸಹವಾಸವೇ ಬೇಡ ಅಂತ ಮ್ಯಾನೇಜರು ಇಪ್ಪತ್ತೈದು ಕ್ಯಾನು ನೀರು ಹೇರಿಸಿದರು. ಒಂದೊಂದು ಇಪ್ಪತ್ತು ಲೀಟರಿನದು, ತೂಕ ಸರಿಹೋಯಿತು. ಮೇಲೆ ಟಾರ್ಪಾಲು ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಒಂದು ಊರಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿದು, ಬೋಂಡ ತಿಂದು ಬಂದೆ. ಅಲ್ಲಿಂದ ಮುಂದಕ್ಕೆ ಗಾಡಿ ಹಗುರವಾಗಿ ಓಡಿತು. ನನ್ನ ಕೈ ಪಳಗಿತು ಅಂದುಕೊಂಡೆ.

ಫ್ಯಾಕ್ಟರಿ ಮುಟ್ಟಿದಾಗ ಬ್ಯಾಟರಿ ಇನ್ನೂ ಅರ್ಧ ಉಳಿದಿತ್ತು. ಇಂಜಿನಿಯರುಗಳೆಲ್ಲ ಹೊಸ ಸಾಫ್ಟ್‌ವೇರಿನ ಮಹಿಮೆ ಅಂತ ಕೈ ಕುಲುಕಿಕೊಂಡರು. ಸ್ವೀಟು ತರಿಸಿದರು. ಮೈಸೂರುಪಾಕು ನನ್ನ ಬಾಯಲ್ಲಿರುವಾಗಲೇ ಯಾರೋ ಟಾರ್ಪಾಲು ಬಿಚ್ಚಿದರು. ಆ ಊರಿನವರು ನನ್ನನ್ನು ನೀರಿನ ಗಾಡಿಯವನು ಅಂದುಕೊಂಡು, ದಿನಾ ಮಾಡುವ ಹಾಗೆ ತಮ್ಮ ಖಾಲಿ ಕ್ಯಾನು ಇಟ್ಟು ತುಂಬಿದ ಕ್ಯಾನು ತಗೊಂಡಿದ್ದರು. ಪಾಪ, ಟಾರ್ಪಾಲನ್ನು ನಾನು ಕಟ್ಟಿದ್ದಕ್ಕಿಂತ ಬಿಗಿಯಾಗಿ ಕಟ್ಟಿದ್ದರು. ನಿಯತ್ತಿನ ಜನ, ಒಂದು ಕ್ಯಾನೂ ಕಮ್ಮಿಯಾಗಿರಲಿಲ್ಲ.

೩. ಕಲ್ಲು

ಇನ್ನೊಂದು ಸಲ ಹೀಗಾದರೆ ನೀನು ಬರೋದೇ ಬೇಡ ಅಂದರು ಮ್ಯಾನೇಜರು. ಕೊನೆಯ ಟೆಸ್ಟಿಗೆ ಹೆಡ್ ಆಫೀಸಿನ ದೊಡ್ಡ ಸಾಹೇಬರೇ ಬಂದಿದ್ದರು. ಅವರೂ ಮ್ಯಾನೇಜರೂ ಶಿಡ್ಲಘಟ್ಟದಲ್ಲಿ ಲಾರಿ ತೂಕ ಹಾಕೋ ವೇಬ್ರಿಡ್ಜಿನ ಹತ್ತಿರ ಕಾಯ್ತಾರೆ, ನಾನು ಭಾರ ಸಮೇತ ಅಲ್ಲಿ ತೂಕ ತೋರಿಸಬೇಕು. ಯಾರೂ ಮುಟ್ಟದ ಸಾಮಾನು ಅಂತ ಒಂದೊಂದು ಐವತ್ತು ಕೆಜಿಯ ಹತ್ತು ಸೈಜುಗಲ್ಲು ಹೇರಿದರು.

ಶಿಡ್ಲಘಟ್ಟ ಇನ್ನೇನು ಎಂಟು ಮೈಲಿ ಅನ್ನುವಾಗ ಟೈರು ಪಂಚರ್. ಹತ್ತಿರದ ಪಂಚರ್ ಅಂಗಡಿಯವನೂ ನಾನೂ ಸೇರಿ ಕಲ್ಲುಗಳನ್ನು ಇಳಿಸಿ ರಸ್ತೆ ಬದಿಯ ಅರಳಿಕಟ್ಟೆಗೆ ಸಾಲಾಗಿ ಒರಗಿಸಿದೆವು. ಟೈರು ಬಿಚ್ಚಿಕೊಂಡು ಅಂಗಡಿಗೆ ಹೋದೆವು. ಅವತ್ತು ಸುಬ್ಬರಾಯನ ಷಷ್ಠಿ ಅನ್ನೋದು ನನ್ನ ಹಾಳು ತಲೆಗೆ ಹೊಳೆಯಲಿಲ್ಲ. ತಿರುಗಿ ಬರೋಷ್ಟರಲ್ಲಿ ಹತ್ತೂ ಕಲ್ಲಿಗೆ ಅರಿಶಿನ ಕುಂಕುಮ, ತಲೆ ಮೇಲೆ ಹೂವು, ಹಾಲಿನ ಅಭಿಷೇಕ. ಯಾರೋ ಹರಕೆ ಹೊತ್ತು ನಾಗರಕಲ್ಲು ತಂದಿಟ್ಟಿದ್ದಾರೆ ಅಂತ ಒಂಬತ್ತು ಜನ ಹೆಂಗಸರು ಸುತ್ತು ಬರುತ್ತಿದ್ದರು.

ಅಮ್ಮಾ, ಇವು ಬರೀ ಕಲ್ಲು, ನನ್ನ ಗಾಡಿದು ಅಂತ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಗೋಗರೆದೆ. ಹಾಲೆರೆದ ಕಲ್ಲು ಎತ್ತಿದರೆ ವಂಶಕ್ಕೆ ಒಳ್ಳೇದಲ್ಲ ಅಂದರು. ನನಗಿನ್ನೂ ಮದುವೆಯೇ ಆಗಿಲ್ಲ ಅಂದೆ. ಅವರಲ್ಲೇ ಹಿರಿಯಜ್ಜಿ, ಇಂಥ ಬುದ್ಧಿಗೆ ಹೆಣ್ಣು ಯಾರು ಕೊಡ್ತಾರೆ ಅಂದರು. ಕಲ್ಲು ಮುಟ್ಟೋಕೆ ನನಗೂ ಭಯ, ಖಾಲಿ ಗಾಡಿ ಒಯ್ಯೋಕೂ ಭಯ. ಅಳು ಬಂದುಬಿಟ್ಟಿತು. ವಿಷಯ ಕೇಳಿದ ಅಜ್ಜಿ, ನಾವೂ ಶಿಡ್ಲಘಟ್ಟಕ್ಕೆ ನಾಮಕರಣಕ್ಕೆ ಹೊರಟೋರೇ, ಬಸ್ಸು ನಿಲ್ಲಿಸಲಿಲ್ಲ, ತೂಕಕ್ಕೆ ತೂಕ ಆಯ್ತು ಅಂತ ಎಲ್ಲರನ್ನೂ ಹತ್ತಿಸಿ ತಾವೂ ಕೂತರು.

ವೇಬ್ರಿಡ್ಜಿನಲ್ಲಿ ಮ್ಯಾನೇಜರ ಮುಖ ಬಿಳುಚಿಕೊಂಡಿತು. ಸಾಹೇಬರು ತೂಕ ಹಾಕಿಸಿದರು. ಗಾಡಿದೂ ನನ್ನದೂ ಕಳೆದು ಐನೂರ ಹನ್ನೆರಡು. ಹನ್ನೆರಡು ಕೆಜಿ ಜಾಸ್ತಿ ಅಂತ ಮ್ಯಾನೇಜರು ಗೊಣಗಿದ್ದೇ ತಡ, ಎಂಟು ಜನ ಒಬ್ಬರ ಕಡೆ ತಿರುಗಿದರು. ಆಕೆ ನಾನಲ್ಲ ಅಂತ ಕಾಲ ಬುಡದ ಅವರೆಕಾಯಿ ಚೀಲ ಎತ್ತಿ ತೋರಿಸಿದರು.

ಗಾಡಿ ಹೇಗಿದೆ ಅಂತ ಸಾಹೇಬರು ಅಜ್ಜಿಯನ್ನು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಗಾಡಿ ಚೆನ್ನಾಗೈತೆ ಸ್ವಾಮಿ, ಒಂಚೂರೂ ಸದ್ದಿಲ್ಲ. ಅದೇ ತೊಂದರೆ. ದಾರಿಯುದ್ದಕ್ಕೂ ಈ ಅಪ್ಪ ‘ನನ್ನ ಕೆಲಸ ಹೋಯ್ತು, ನನ್ನ ಕೆಲಸ ಹೋಯ್ತು’ ಅಂತ ಗೊಣಗಿದ್ದೆಲ್ಲ ನಮಗೆ ಕೇಳಿಸ್ತಿತ್ತು. ಒಂದೋ ಗಾಡಿಗೆ ಸದ್ದು ಇಡಿ, ಇಲ್ಲಾಂದ್ರೆ ಇವನ ಕೆಲಸ ಕಾಯಂ ಮಾಡಿ.”

ಸದ್ದು ಇಡೋಕೆ ಇನ್ನೂ ಒಂದು ವರ್ಷ ಬೇಕು ಅಂದ ಸಾಹೇಬರು, ಅಲ್ಲೇ ಗಾಡಿಯ ಸೀಟಿನ ಮೇಲೆ ಕಾಗದ ಇಟ್ಟು ನನ್ನ ಕಾಯಂ ಆರ್ಡರಿಗೆ ಸೈನು ಹಾಕಿದರು.